ಲದ್ದಿಯಲ್ಲಿರುವುದು ಬೀಜ, ಕಾಡಲ್ಲ

ಮಂಗಟ್ಟೆ ಕಾಡಿನ ರೈತ, ಆನೆ ಕಾಡಿನ ತೋಟಗಾರ. ಈ ಮಾತುಗಳು ಶಾಲಾಮಕ್ಕಳ ಭಿತ್ತಿಪತ್ರದಿಂದ ಹಿಡಿದು ಪಿಎಚ್‌ಡಿ ಪ್ರಬಂಧದ ಪೀಠಿಕೆಯವರೆಗೆ ಸಲೀಸಾಗಿ ಓಡಾಡಿಕೊಂಡಿವೆ. ಪ್ರಾಣಿ ಹಣ್ಣು ತಿನ್ನುತ್ತದೆ, ಬೀಜ ದೂರ ಬೀಳುತ್ತದೆ, ಮರ ಹುಟ್ಟುತ್ತದೆ. ಮೊದಲ ಎರಡಕ್ಕೆ ಒಳ್ಳೆಯ ಪುರಾವೆಗಳಿವೆ. ಮೂರನೆಯದನ್ನು ನಾವು ಬಹುಪಾಲು ಊಹಿಸಿಕೊಂಡಿದ್ದೇವೆ ಎಂಬುದೇ ನನ್ನ ತಕರಾರು.

ಬೀಜ ಪ್ರಸಾರದ ಬಗೆಗಿನ ಒಳ್ಳೆಯ ಅಧ್ಯಯನಗಳೇ ನನ್ನ ಪರವಾಗಿ ವಾದಿಸುತ್ತವೆ. ಒಣ ಕಾಡಿನ ನೆಲ್ಲಿಯನ್ನು ಅಭ್ಯಸಿಸಿದ ಸೌಮ್ಯಾ ಪ್ರಸಾದ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದೇನು? ಚುಕ್ಕೆ ಜಿಂಕೆ ಹಣ್ಣನ್ನು ನುಂಗಿ, ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತದೆ. ಹಿಕ್ಕೆಯನ್ನಷ್ಟೇ ಕೆದಕುವವರಿಗೆ ಈ ಬೀಜ ಸಿಗುವುದೇ ಇಲ್ಲ. ಇನ್ನೊಂದು ಮಾತು: ಬೀಜ ಉಗುಳಿದ ಜಿಂಕೆಯೇ ನಾಳೆ ಎಳೆಯ ಸಸಿಯನ್ನು ಮೇಯಬಲ್ಲದು. ಅದು ಬಿತ್ತಿತೋ, ಕೊಂದಿತೋ? ಎರಡನ್ನೂ ಒಂದೇ ಲೆಕ್ಕಕ್ಕೆ ತರದ ಪ್ರಬಂಧ ಬೀಜ ಪ್ರಸಾರದ ಪ್ರಬಂಧವಾದೀತೇ ಹೊರತು ಮರುಹುಟ್ಟಿನದ್ದಲ್ಲ.

ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ 50 ಹೆಕ್ಟೇರಿನ ಕಾಯಂ ಪ್ಲಾಟ್ ಹಾಕಿತು. ಅಲ್ಲಿ ಒಂದು ಸೆಂಟಿಮೀಟರ್ ದಪ್ಪದ ಕಾಂಡವನ್ನೂ ಗುರುತು ಹಾಕಿ ಅಳೆಯುತ್ತಾರೆ. ರಾಮನ್ ಸುಕುಮಾರ್ ಅವರ ತಂಡ ಆ ಅಂಕಿಗಳಲ್ಲಿ ಕಂಡದ್ದು ತೋಟಗಾರನ ಚಿತ್ರವಲ್ಲ. ಆನೆಗಳು ಮುರಿದು ಮೇದು ಕೈಡಿಯಾ ಕ್ಯಾಲಿಸಿನಾ ಮರಗಳ ಸಂಖ್ಯೆ ಪಾತಾಳಕ್ಕಿಳಿಯಿತು. ಜೊತೆಗೆ ಬೆಂಕಿ ಎಳೆಯ ಗಿಡಗಳನ್ನು ಮೇಲೇಳಗೊಡಲಿಲ್ಲ. ಆನೆ ಖಳನಾಯಕ ಎಂದು ನಾನು ಹೇಳುತ್ತಿಲ್ಲ. ಆ ಪಾತ್ರಹಂಚಿಕೆಯೇ ಬೇಡ ಎನ್ನುತ್ತಿದ್ದೇನೆ. ಪರಿಸರ ವಿಜ್ಞಾನಿಗಳಾದ ಜಾನ್ಸೆನ್ 1970ರಲ್ಲಿ, ಕಾನೆಲ್ 1971ರಲ್ಲಿ ಮಂಡಿಸಿದ ವಾದವನ್ನು ನೆನೆಯಿರಿ: ತಾಯಿಮರದ ಬುಡದಲ್ಲಿ ಬೀಜ, ಸಸಿಗಳನ್ನು ಕೊಲ್ಲುವ ಶತ್ರುಗಳಿಂದಲೇ ಬೇರೆ ಜಾತಿಗಳಿಗೆ ಜಾಗ ಸಿಗುತ್ತದೆ. ಬೀಜ ಕೊರೆಯುವ ಹುಳು, ಕಡಿಯುವ ಇಲಿ ಇವೂ ಕಾಡು ಕಟ್ಟುವವರೇ. ಅವುಗಳ ಭಿತ್ತಿಪತ್ರ ಯಾರೂ ಅಚ್ಚು ಹಾಕಿಸುವುದಿಲ್ಲ, ಬಿಡಿ.

‘ತೋಟಗಾರ’ನ ರೂಪಕದಿಂದ ಆನೆಗೆ ಜನರ ಒಲವು ಸಿಗುತ್ತದೆ, ಅದನ್ನೇಕೆ ಕೆಡಿಸಬೇಕು ಎನ್ನುವವರಿದ್ದಾರೆ. ಒಲವಿಗಾಗಿ ಪುರಾವೆಯನ್ನು ಹಿಗ್ಗಿಸಿದರೆ ಅದು ಎದುರಾಳಿಯ ಕೈಗೆ ಕೊಟ್ಟ ಕೋಲು. ಉತ್ತರ ಬಂಗಾಳದ ಬಕ್ಸಾದಲ್ಲಿ ನಿತಿನ್ ಸೇಕರ್ ಮತ್ತು ಸುಕುಮಾರ್ ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ: ಆನೆ ಬಾರದೇ ಹೋದರೆ? ಆನೆ ತಿಂದು ಬೀಜ ಹರಡುವ ಚಾಲ್ತಾ ಮರದ ಗಟ್ಟಿ ಹಣ್ಣು ತಿಂಗಳುಗಳಲ್ಲಿ ಮೆತ್ತಗಾಗುತ್ತಾ ಹೋಗಿ ಸಣ್ಣ ಪ್ರಾಣಿಗಳಿಗೂ ಬೀಜ ಎಟುಕುತ್ತದೆ ಎಂದು 2013ರಲ್ಲಿ ಬರೆದರು. ಅದರಿಂದ ಆನೆಯ ಮಹತ್ವವೇನೂ ಕುಗ್ಗಲಿಲ್ಲ, ಮರದ ಬಗೆಗಿನ ನಮ್ಮ ತಿಳಿವು ಬೆಳೆಯಿತು.

ನಾಲ್ಕೈದು ವರ್ಷದ ಫೆಲೋಶಿಪ್‌ನಲ್ಲಿ ಮರ ಬೆಳೆಯುವುದನ್ನು ಕಾಣುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಉತ್ತರಿಸಬೇಕಾದವರು ಮಾರ್ಗದರ್ಶಕರು. ಬೇಲಿ ಕಟ್ಟಿ ಪ್ರಾಣಿಗಳನ್ನು ದೂರವಿಟ್ಟ ತುಣುಕುಗಳನ್ನೂ ಗುರುತು ಹಾಕಿದ ಸಸಿಗಳ ಪಟ್ಟಿಯನ್ನೂ ಪ್ರಬಂಧ ಮುಗಿದ ದಿನ ಕೈಬಿಡದೆ, ಮುಂದಿನ ವಿದ್ಯಾರ್ಥಿಗೆ ಒಪ್ಪಿಸಿ.