ಟಕ್ ಎನ್ನುವ ಕೀಲಿ

ಸೇಡಂನ ಟೈಪಿಂಗ್ ಅಂಗಡಿಗೆ ಅರ್ಜಿ ಬರೆಸಲು ಹೋದಾಗೆಲ್ಲ ನನ್ನ ಕಿವಿ ಹುಡುಕುವುದು ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಸದ್ದನ್ನು. ಮೊಪೆಡ್ಡಿನಿಂದ ನಮ್ಮೂರುಗಳಿಗೆ ಪರಿಚಿತವಾದ ಟಿವಿಎಸ್ ಬಳಗ 1980ರ ದಶಕದಲ್ಲಿ ಕಂಪ್ಯೂಟರ್ ಸಲಕರಣೆಗಳಿಗೂ ಕೈ ಹಾಕಿತು. ಕಂಪನಿ ಚೆನ್ನೈಯದು, ಕಾರ್ಖಾನೆ ನಮ್ಮ ತುಮಕೂರಿನಲ್ಲಿ. ಅದರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಗುಣವೂ ದೊಡ್ಡದೇ: ಸೂಜಿಗಳು ರಿಬ್ಬನ್ನಿನ ಮೇಲೆ ಕುಟ್ಟುವುದರಿಂದ ಕಾರ್ಬನ್ ಪ್ರತಿಗಳೂ ಒಟ್ಟಿಗೇ ಮೂಡುತ್ತವೆ. ಇಲ್ಲಿನ ಫರಸಿ ಕಲ್ಲು, ಸಿಮೆಂಟು ಹೊತ್ತ ಲಾರಿಗಳ ಬಿಲ್ಲಿಗೆ ಬೇಕಾದದ್ದು ಅದೇ.

ಆದರೆ ನನ್ನ ಮನಸ್ಸು ಕೀಬೋರ್ಡಿನ ಮೇಲೇ. ಪ್ರತಿ ಕೀಲಿಯ ಕೆಳಗೂ ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್, ಒಳಗೊಂದು ಪುಟ್ಟ ಸ್ಪ್ರಿಂಗು. 4 ಮಿಲಿಮೀಟರ್ ಇಳಿಯಬಲ್ಲ ಕೀಲಿ ಸುಮಾರು 2 ಮಿಲಿಮೀಟರಿಗೇ ಅಕ್ಷರ ಒಪ್ಪಿಸಿ 'ಟಕ್' ಎನ್ನುತ್ತದೆ. ತಳ ಮುಟ್ಟುವವರೆಗೆ ಒತ್ತಬೇಕಿಲ್ಲ. ಕನ್ನಡಕ್ಕೆ ಇದು ವರವೇ ಸರಿ: ಕೆ.ಪಿ. ರಾವ್ ವಿನ್ಯಾಸದ ಕೀಲಿ ಜೋಡಣೆ ಬಳಸುವ ನುಡಿ ತಂತ್ರಾಂಶದಲ್ಲಿ 'ಕ್ಕ' ಎಂಬ ಒಂದೇ ಒತ್ತಕ್ಷರಕ್ಕೆ ಮೂರು ಸಲ ಕೀಲಿ ಒತ್ತಬೇಕು. ಅಂಗಡಿಯ ತಂಗಿ ಪರದೆ ನೋಡದೆ, ನನ್ನ ಮಾತು ಕೇಳುತ್ತಲೇ ಬೆರಳಾಡಿಸುತ್ತಾಳೆ. ಸಂಜೆ ಕೀಬೋರ್ಡನ್ನು ಬೋರಲು ಹಾಕಿ ಮೆಲ್ಲಗೆ ತಟ್ಟುತ್ತಾಳೆ, ಬಿಳಿ ದೂಳು ಉದುರುತ್ತದೆ.