ಎಸ್ಸೆಕ್ಸ್ ನೌಕಾಭಂಗವೂ ಮೆಲ್ವಿಲ್ಲನ ಕಾವ್ಯದೃಷ್ಟಿಯೂ

ಕವಿಯಾದವನು ಒಂದೇ ವಸ್ತುವಿಗೆ ಮತ್ತೆ ಮತ್ತೆ ಮರಳುವುದಕ್ಕೆ ಎರಡು ಕಾರಣಗಳಿರಬಹುದು. ಬೇರೆ ವಸ್ತು ದೊರೆಯದ ದಾರಿದ್ರ್ಯವೊಂದು. ಮೊದಲು ತನ್ನ ಕೈಗೆ ಸಿಕ್ಕಿದ್ದು ವಸ್ತುವಿನ ಒಂದಂಶ ಮಾತ್ರವೆಂಬ ಅರಿವು ಇನ್ನೊಂದು. ಅಮೆರಿಕದ ಕಾದಂಬರಿಕಾರನಾದ ಹರ್ಮನ್ ಮೆಲ್ವಿಲ್ಲನು (1819–1891) ಎಸ್ಸೆಕ್ಸ್ ಎಂಬ ಹಡಗಿನ ನಾಶವನ್ನು 1841ರಿಂದ 1876ರವರೆಗೆ ಮನಸ್ಸಿನಲ್ಲಿ ಹೊತ್ತಿದ್ದುದು ಈ ಎರಡನೆಯ ಕಾರಣದಿಂದಲೇ ಎಂಬುದು ನಮ್ಮ ಮತ. ಅದನ್ನು ಇಲ್ಲಿ ಪರಾಮರ್ಶಿಸುತ್ತೇವೆ.

ಮೊದಲು ವೃತ್ತಾಂತ. ನ್ಯಾಂಟಕೆಟ್ ದ್ವೀಪದ ಎಸ್ಸೆಕ್ಸ್ ತಿಮಿಂಗಿಲಗಳ ಬೇಟೆಗಾಗಿ ಹೊರಟುದು 1819ನೆಯ ಆಗಸ್ಟಿನಲ್ಲಿ. ಮೆಲ್ವಿಲ್ಲನು ಹುಟ್ಟಿದುದೂ ಆ ತಿಂಗಳಿನಲ್ಲಿಯೇ. ಜಾರ್ಜ್ ಪೊಲಾರ್ಡನು ಅದರ ಕಪ್ತಾನ. ಓವೆನ್ ಚೇಸನು ಅವನ ಕೆಳಗಿನ ಪ್ರಥಮ ಅಧಿಕಾರಿ. 1820ನೆಯ ನವೆಂಬರ್ 20ರಂದು ಶಾಂತಸಾಗರದ ನಡುವೆ ಒಂದು ಗಂಡು ತಿಮಿಂಗಿಲವು ಎರಡು ಬಾರಿ ತಲೆಯಿಂದ ಹಾಯ್ದು ಆ ಹಡಗನ್ನು ಒಡೆಯಿತು. ಇಪ್ಪತ್ತು ಮಂದಿ ಮೂರು ದೋಣಿಗಳನ್ನು ಹತ್ತಿದರು. ಮಾರ್ಕ್ವೆಸಸ್ ದ್ವೀಪಗಳು ಸುಮಾರು 1,200 ಮೈಲಿ ದೂರದಲ್ಲಿದ್ದುವು. ಆದರೆ ಪಶ್ಚಿಮದ ದ್ವೀಪಗಳಲ್ಲಿ ನರಮಾಂಸಭಕ್ಷಕರಿರುವರೆಂಬ ಭಯದಿಂದ ಅವರು ಅದಕ್ಕಿಂತ ಬಹುದೂರವಾದ ದಕ್ಷಿಣ ಅಮೆರಿಕದ ತೀರವನ್ನೇ ಗುರಿಯಾಗಿಟ್ಟರು. ಆಹಾರ ತೀರಿತು. ಸತ್ತ ಸಂಗಡಿಗರ ದೇಹವೇ ಬದುಕಿದ್ದವರಿಗೆ ಆಹಾರವಾಯಿತು. ಪೊಲಾರ್ಡನ ದೋಣಿಯಲ್ಲಿ ಚೀಟಿ ಎತ್ತಿದರು. ಅದು ಅವನ ಬಂಧುವಾದ ಓವೆನ್ ಕಾಫಿನ್ ಎಂಬ ತರುಣನಿಗೇ ಬಂದಿತು. ಅವನನ್ನು ಗುಂಡಿಕ್ಕಿ ಕೊಂದರು. 1821ನೆಯ ಫೆಬ್ರವರಿಯಲ್ಲಿ ದೋಣಿಗಳಿಂದ ಐವರೂ, ಬಳಿಕ ಹೆಂಡರ್ಸನ್ ದ್ವೀಪದಲ್ಲಿ ಉಳಿದಿದ್ದ ಮೂವರೂ ರಕ್ಷಿತರಾದರು. ನರಭಕ್ಷಕರಿಗೆ ಅಂಜಿ ದಾರಿ ಬದಲಿಸಿದವರು ತಾವೇ ನರಭಕ್ಷಕರಾದರೆಂಬುದು ಈ ಕಥೆಯ ದಾರುಣವಾದ ವಿಪರ್ಯಾಸ. ಚೇಸನು ಅದೇ ವರ್ಷ ತನ್ನ ಅನುಭವವನ್ನು ಗ್ರಂಥರೂಪವಾಗಿ ಪ್ರಕಟಿಸಿದನು.

ಇಪ್ಪತ್ತು ವರ್ಷಗಳ ಮೇಲೆ ತರುಣ ಮೆಲ್ವಿಲ್ಲನು ತಾನೇ ತಿಮಿಂಗಿಲ ಬೇಟೆಯ ಹಡಗಿನ ಆಳಾಗಿದ್ದಾಗ ಚೇಸನ ಮಗನನ್ನು ಸಮುದ್ರದ ಮೇಲೆ ಕಂಡು, ಅವನಿಂದ ಈ ಗ್ರಂಥವನ್ನು ಎರವಲು ಪಡೆದು, ಅನರ್ಥವು ಸಂಭವಿಸಿದ ಸ್ಥಳಕ್ಕೆ ಸಮೀಪದಲ್ಲಿಯೇ ಓದಿದನು. 1842ರಲ್ಲಿ ಅವನು ಹಡಗನ್ನು ಬಿಟ್ಟು ಓಡಿ ನೆಲೆಸಿದುದು ಆ ಮಾರ್ಕ್ವೆಸಸ್ ದ್ವೀಪಗಳಲ್ಲೊಂದರಲ್ಲಿಯೇ. ಎಸ್ಸೆಕ್ಸಿನವರು ಹೆದರಿದ್ದ ಜನರ ನಡುವೆ ಇವನು ಉಂಡು ಮಲಗಿ ಕ್ಷೇಮವಾಗಿ ಹಿಂತಿರುಗಿದನು. 1851ರಲ್ಲಿ ಚೇಸನ ಗ್ರಂಥದ ಸ್ವಂತ ಪ್ರತಿ ಅವನಿಗೆ ದೊರೆಯಿತು. ಅವರು ನೇರವಾಗಿ ಟಾಹಿಟಿಯ ಕಡೆಗೆ ಹೋಗಿದ್ದರೆ ಈ ಕಷ್ಟವೆಲ್ಲವೂ ತಪ್ಪುತ್ತಿತ್ತೆಂದು ಅದರಲ್ಲಿ ಕೈಬರಹದಲ್ಲಿ ಗುರುತಿಸಿದನು. ಇದು ಗ್ರಂಥಪಾಂಡಿತ್ಯದಿಂದ ಬಂದ ಮಾತಲ್ಲ, ಅನುಭವದ ಮಾತು.

ಈಗ ಪೂರ್ವಪಕ್ಷ. ಅದೇ ವರ್ಷ ಪ್ರಕಟವಾದ ಮೋಬಿ ಡಿಕ್ ಕಾದಂಬರಿಯಲ್ಲಿಯೇ ಎಸ್ಸೆಕ್ಸಿನ ವಸ್ತುವು ಸಂಪೂರ್ಣವಾಗಿ ಕಾವ್ಯವಾಯಿತೆಂದೂ, ಮುಂದಿನದೆಲ್ಲ ಅದರ ಶೇಷವೆಂದೂ ಹೇಳಬಹುದು. ಪರೀಕ್ಷಿಸಿದರೆ ಇದು ನಿಲ್ಲುವುದಿಲ್ಲ. ಆ ಕಾದಂಬರಿಯ 45ನೆಯ ಅಧ್ಯಾಯದಲ್ಲಿ ಎಸ್ಸೆಕ್ಸಿನ ಹೆಸರು ಬರುವುದು ತಿಮಿಂಗಿಲವು ಹಡಗನ್ನು ಮುಳುಗಿಸಬಲ್ಲುದೆಂಬುದಕ್ಕೆ ಪ್ರಮಾಣವಾಗಿ. ಪೊಲಾರ್ಡನೂ ಅಲ್ಲಿ ಒಬ್ಬ ಸಾಕ್ಷಿಯೇ ಹೊರತು ಪಾತ್ರವಲ್ಲ. ಚೇಸನನ್ನು ತಾನು ಕಂಡಿರುವೆನೆಂದು ನಿರೂಪಕನ ಬಾಯಲ್ಲಿ ಹೇಳಿಸಿದೆ. ಮೆಲ್ವಿಲ್ಲನು ತಾನೂ ಹಾಗೆಂದೇ ನಂಬಿದ್ದನು. ಆದರೆ ಮೆಲ್ವಿಲ್ಲನು ಬೇಟೆಯ ಹಡಗು ಹತ್ತುವ ಮೊದಲೇ, 1840ರಲ್ಲಿ, ಚೇಸನು ಸಮುದ್ರಯಾನವನ್ನು ಬಿಟ್ಟಿದ್ದನು. ಪ್ರಮಾಣದ ಹಂಬಲವು ಸ್ಮೃತಿಯನ್ನು ಮೀರಿತು.

ಇದಕ್ಕಿಂತ ಮುಖ್ಯವಾದುದೊಂದುಂಟು. ಹಡಗು ಮುಳುಗುವುದರೊಡನೆ ಕಾದಂಬರಿಯು ಮುಗಿಯುತ್ತದೆ. ಉಳಿದ ಒಬ್ಬನು ಮರುದಿನವೇ ರಕ್ಷಿತನಾಗುತ್ತಾನೆ. ಎಸ್ಸೆಕ್ಸಿನವರ ದುಃಖವಾದರೋ ಹಡಗು ಮುಳುಗಿದ ಮೇಲೆ ಆರಂಭವಾಗುತ್ತದೆ. ಕ್ರೋಧ, ಉತ್ಸಾಹ, ವಿಸ್ಮಯಗಳು ಪೋಷಿತವಾದ ಕೃತಿಗೆ ದೋಣಿಗಳ ಹಸಿವು ಹೊಂದದೆಂದು ಔಚಿತ್ಯದ ಪಕ್ಷದಿಂದ ಸಮಾಧಾನ ಹೇಳಬಹುದು. ಆದರೂ ನಮ್ಮ ಮಹಾಭಾರತವು ಕ್ಷಾಮದಲ್ಲಿ ವಿಶ್ವಾಮಿತ್ರನು ನಾಯಿಯ ಮಾಂಸಕ್ಕೆ ಕೈಯಿಕ್ಕಿದುದನ್ನು ಆಪದ್ಧರ್ಮಪ್ರಕರಣದಲ್ಲಿ ಮರೆಮಾಚದೆ ವಿಚಾರಿಸಿದೆ. ಅಂಥ ವಿಚಾರಕ್ಕೆ ಮೋಬಿ ಡಿಕ್ ಇಳಿಯಲಿಲ್ಲ. ಇದು ಅದರ ನ್ಯೂನತೆಯೆಂದೇ ಹೇಳಬೇಕು.

ಆ ನ್ಯೂನತೆಯನ್ನು ಗ್ರಂಥಕರ್ತನೇ ಅರಿತನೆಂಬುದಕ್ಕೆ ಅವನ ಮುಂದಿನ ನಡೆಯೇ ಸಾಕ್ಷಿ. 1852ನೆಯ ಜುಲೈಯಲ್ಲಿ ಅವನು ಮಾವನೊಡನೆ ನ್ಯಾಂಟಕೆಟ್ಟಿಗೆ ಮೊದಲ ಬಾರಿಗೆ ಹೋಗಿ ಪೊಲಾರ್ಡನನ್ನು ಕಂಡನು. ಪೊಲಾರ್ಡನ ಎರಡನೆಯ ಹಡಗಾದ ಟೂ ಬ್ರದರ್ಸ್ ಕೂಡ 1823ರಲ್ಲಿ ಬಂಡೆಗೆ ಬಡಿದು ಒಡೆದಿತ್ತು; ಅವನು ಊರಿನ ರಾತ್ರಿ ಕಾವಲುಗಾರನಾಗಿದ್ದನು. ಇಬ್ಬರ ನಡುವೆ ನಡೆದುದು ನಾಲ್ಕು ಮಾತು. ಊರಿನವರಿಗೆ ಲೆಕ್ಕಕ್ಕಿಲ್ಲದ ಈ ವಿನಯಶೀಲನೇ ತಾನು ಕಂಡವರಲ್ಲೆಲ್ಲ ತನ್ನ ಮನಸ್ಸನ್ನು ಹೆಚ್ಚಾಗಿ ತಟ್ಟಿದವನೆಂದು ಮೆಲ್ವಿಲ್ಲನು ಬರೆದಿಟ್ಟನು. 1876ರಲ್ಲಿ ಪ್ರಕಟವಾದ ಕ್ಲಾರೆಲ್ ಎಂಬ ದೀರ್ಘಕಾವ್ಯದಲ್ಲಿ, ಎರಡು ಹಡಗುಗಳನ್ನು ಕಳೆದುಕೊಂಡು ಕಾವಲುಗಾರನಾದ ಕಪ್ತಾನನೊಬ್ಬನ ಚಿತ್ರವಿದೆ. ಅಲ್ಲಿ ತಿಮಿಂಗಿಲವು ಹಿಂದೆ ಸರಿದು ಮನುಷ್ಯನು ಮುಂದೆ ಬಂದಿದ್ದಾನೆ. ಆಗ ಕವಿಯೂ ನ್ಯೂಯಾರ್ಕಿನ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ, ಓದುಗರಿಂದ ಬಹುಮಟ್ಟಿಗೆ ಮರೆಯಲ್ಪಟ್ಟವನಾಗಿದ್ದನೆಂಬುದು ಸ್ಮರಣೀಯ.

ಪಾಂಡವರ ಜಯವೂ ನಿರ್ವೇದದಲ್ಲಿ ಕೊನೆಗಾಣುವುದರಿಂದ ಭಾರತದಲ್ಲಿ ಶಾಂತವೇ ಪ್ರಧಾನರಸವೆಂದು ಆನಂದವರ್ಧನನು ನಿರ್ಣಯಿಸಿದನು. ಯುದ್ಧಪರ್ವಗಳನ್ನು ಮಾತ್ರ ಓದಿ ನಿಲ್ಲಿಸಿದವನಿಗೆ ಆ ನಿರ್ಣಯವು ತಿಳಿಯಲಾರದು. ಮೋಬಿ ಡಿಕ್ಕನ್ನು ಮಾತ್ರ ಓದಿ ಮೆಲ್ವಿಲ್ಲನನ್ನು ಅಳೆಯುವವರ ಸ್ಥಿತಿಯೂ ಹಾಗೆಯೇ. ಯುದ್ಧಪರ್ವವನ್ನು ಬರೆದವನಿಗೆ ಶಾಂತಿಯ ಮಾರ್ಗವನ್ನು ತೋರಿದವನು ಆ ಮುದಿ ಕಾವಲುಗಾರನು.

ಕೊನೆಯದಾಗಿ ಒಂದು ವಿಷಯ. ಎಸ್ಸೆಕ್ಸಿನಲ್ಲಿ ಹುಡುಗನಾಗಿದ್ದ ಟಾಮಸ್ ನಿಕರ್ಸನ್ನನ ಹಸ್ತಪ್ರತಿಯೊಂದು 1960ರಲ್ಲಿ ದೊರೆತು 1984ರಲ್ಲಿ ಅಚ್ಚಾಯಿತು. ಟಾಹಿಟಿಯನ್ನು ಒಳಗೊಂಡ ಸೊಸೈಟಿ ದ್ವೀಪಗಳಿಗೇ ಹೋಗೋಣವೆಂದು ಕಪ್ತಾನನು ಮೊದಲು ಸೂಚಿಸಿದನೆಂದೂ, ಅಧೀನಾಧಿಕಾರಿಗಳು ಒಪ್ಪದಿರಲು ಅವರ ಮಾತಿಗೆ ಮಣಿದನೆಂದೂ ಅದರಿಂದ ತಿಳಿಯುತ್ತದೆ. ಮೆಲ್ವಿಲ್ಲನು ಮೂವತ್ತೊಂದು ವರ್ಷಗಳ ಮೇಲೆ ತನ್ನ ಪ್ರತಿಯಲ್ಲಿ ಗುರುತಿಸಿದುದನ್ನು ಪೊಲಾರ್ಡನು ಅನರ್ಥದ ಹೊತ್ತಿನಲ್ಲಿಯೇ ಹೇಳಿದ್ದನು. ಇದನ್ನರಿಯದೆಯೇ ಕವಿಯು ಆ ಮೌನಿಯ ಮುಂದೆ ತಲೆಬಾಗಿದನು. ಸಹೃದಯತೆಯೆಂದರೆ ಇದೇ ಎಂದು ನಾವು ತಿಳಿಯುತ್ತೇವೆ.