ಆಘಾತವೋ ವ್ರಣವೋ: ಒಂದು ಪದವಿಚಾರ

ಯುದ್ಧಪೀಡಿತರನ್ನೂ ನಿರಾಶ್ರಿತರನ್ನೂ ಕುರಿತ ಕಥೆ ಕಾದಂಬರಿಗಳನ್ನು ವಿಮರ್ಶಿಸುವವರು ಈಚೆಗೆ ‘ಆಘಾತ’ವೆಂಬ ಶಬ್ದವನ್ನು ಮನಶ್ಶಾಸ್ತ್ರದಿಂದ ತಂದು ಧಾರಾಳವಾಗಿ ಬಳಸುತ್ತಿದ್ದಾರೆ. ಪುತ್ತೂರು, ಸುಳ್ಯ, ಕಡಬಗಳ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳರನ್ನು ಕುರಿತು ಬರೆಯಹೊರಟವರಿಗೂ ಮೊದಲು ಹೊಳೆಯುವುದು ಇದೇ ಶಬ್ದವು. ಇಂಗ್ಲಿಷಿನ ‘ಟ್ರಾಮ’ಕ್ಕೆ ಇದು ಸಮಪದವೆಂದು ಅವರ ಭಾವನೆ. ಆದರೆ ಮೂಲವಾದ ಗ್ರೀಕ್ ಪದಕ್ಕೆ ಗಾಯವೆಂದು ಅರ್ಥ. ನಮ್ಮ ‘ಆಘಾತ’ವಾದರೋ ಆಙ್ ಪೂರ್ವಕವಾದ ಹನ್ ಧಾತುವಿನಿಂದ ಹುಟ್ಟಿ ಹೊಡೆತವನ್ನು ಹೇಳುವುದೇ ಹೊರತು ಹೊಡೆತದಿಂದಾದ ಹುಣ್ಣನ್ನಲ್ಲ. ಹೊಡೆತವು ಕ್ಷಣದಲ್ಲಿ ಮುಗಿಯುತ್ತದೆ, ಹುಣ್ಣು ಉಳಿಯುತ್ತದೆ. ಶಬ್ದವು ತಪ್ಪಿದುದರಿಂದ ವಿಮರ್ಶಕರ ದೃಷ್ಟಿಯೂ ತಪ್ಪಿ, ಅವರು ಘಟನೆಯನ್ನು ಹುಡುಕುತ್ತಾರೆ. ಅನಂತರದ ಬಾಳನ್ನು ಕಾಣರು.

‘ಇದೆಲ್ಲವೂ ಭರತನಲ್ಲಿದೆ’ ಎಂದು ಹೆಮ್ಮೆಪಡುವ ಪಂಡಿತರೂ ಉಂಟು. ತ್ರಾಸ, ಜಡತೆ, ಉನ್ಮಾದ, ಸ್ಮೃತಿಗಳು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿರುವುವಷ್ಟೆ. ಆದರೆ ವ್ಯಭಿಚಾರಿಗಳು ಬಂದು ಹೋಗತಕ್ಕವು. 1974ರಲ್ಲಿ ಬರ್ಜೆಸ್, ಹೋಮ್‌ಸ್ಟ್ರಾಮ್ ಎಂಬಿಬ್ಬರು ವಿದುಷಿಯರು ಅತ್ಯಾಚಾರಕ್ಕೊಳಗಾದ ಸ್ತ್ರೀಯರ ಬಾಧೆಯನ್ನು ವಿವರಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಯೋಧರ ಬಾಧೆಯನ್ನೂ ಇದನ್ನೂ ಒಂದೇ ವ್ಯಾಧಿಯ ಹೆಸರಿನೊಳಗೆ ತಂದಿತು. ಅಲ್ಲಿ ಹೇಳುವ ನೆನಪು ಕಳೆದುದನ್ನು ನೆನೆಯುವುದಲ್ಲ. ಕಳೆಯದೆ ಮತ್ತೆ ಮತ್ತೆ ನಡೆಯುವುದು. ಭರತನ ಸ್ಮೃತಿಲಕ್ಷಣವು ಇದಕ್ಕೆ ಒಗ್ಗದು. ಭಟ್ಟನಾಯಕನ ಸಾಧಾರಣೀಕರಣವಂತೂ ಇಲ್ಲಿ ದೋಷವೇ ಸರಿ: ಒಬ್ಬಳ ದುಃಖವನ್ನು ಎಲ್ಲರದನ್ನಾಗಿ ಮಾಡಿ ಕರುಣರಸವನ್ನು ಸವಿಯುವ ಸಹೃದಯನು ಅವಳಿಂದ ಇನ್ನೊಂದನ್ನು ಕಿತ್ತುಕೊಂಡಂತಾಗುತ್ತದೆ. ‘ಮಾನಭಂಗ’ವೆಂಬ ರೂಢಿಯ ಮಾತನ್ನೂ ಬಿಡಬೇಕು. ಅದು ಮಾನ ಹೋದುದು ಪೀಡಿತಳದೆನ್ನುತ್ತದೆ. ‘ಅತ್ಯಾಚಾರ’ವು ಆಚಾರವನ್ನು ಮೀರಿದವನ ಮೇಲೆ ದೋಷವನ್ನಿಡುವುದರಿಂದ ಮೇಲು. ಶ್ರೀಲಂಕೆಯ ಯುದ್ಧವನ್ನು ಕುರಿತು 2015ರಲ್ಲಿ ಬಂದ ವಿಶ್ವಸಂಸ್ಥೆಯ ವರದಿಯು ಬಂಧನದಲ್ಲಿದ್ದ ಪುರುಷರ ಮೇಲೂ ಇಂಥ ಹಿಂಸೆ ನಡೆದುದನ್ನು ದಾಖಲಿಸಿದೆ. ‘ಮಾನಭಂಗ’ದಲ್ಲಿ ಅವರಿಗೆ ಎಡೆಯೇ ಇಲ್ಲ.

ಈಗ ನಮ್ಮ ತೋಟಗಳ ವಿಷಯ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗಿಗೆ ಬಂದ ತಮಿಳರು, ಆಂಗ್ಲರು ಸಿಂಹಳದ ಚಹದ ತೋಟಗಳಿಗೆ ಕೊಂಡೊಯ್ದವರ ಸಂತತಿ. ಸಿಂಹಳದ 1948ರ ಪೌರತ್ವದ ಕಾಯಿದೆಯು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದಂತೆ ಭಾರತವು 5,25,000 ಮಂದಿಯನ್ನು ಸ್ವೀಕರಿಸಬೇಕಾಯಿತು. ಆದುದರಿಂದ ಇವರನ್ನು ನಿರಾಶ್ರಿತರೆನ್ನುವುದು ಕಾಯಿದೆಯ ಮಾತಿನಲ್ಲಿ ಸರಿಯಲ್ಲ, ಮರಳಿ ಬಂದವರೆನ್ನಬೇಕು. ತಾವು ಹುಟ್ಟದ ನೆಲಕ್ಕೆ ಮರಳುವುದೆಂತೆಂದು ಕೇಳಿದರೆ ಒಪ್ಪಂದದಲ್ಲಿ ಉತ್ತರವಿಲ್ಲ. 1977ರ ಮತ್ತು 1983ರ ಗಲಭೆಗಳು ತೋಟದ ತಮಿಳರನ್ನೂ ಬಿಡಲಿಲ್ಲವೆಂಬುದು ದಿಟ. ಹಾಗೆಂದು ಇಲ್ಲಿಯ ಪ್ರತಿಯೊಬ್ಬ ಮುದುಕಿಯ ಮೌನದಲ್ಲಿಯೂ ಅತ್ಯಾಚಾರವನ್ನು ಊಹಿಸುವ ಕಥೆಗಾರನು ಅವರಿಗೆ ಉಪಕಾರ ಮಾಡಿದಂತಾಗದು.

ಶಾಸ್ತ್ರಜ್ಞರೇ ಈಗ ಇಷ್ಟು ಆತುರಪಡುವುದಿಲ್ಲ. ಯಾಳ್ಪಾಣದ ಮನೋವೈದ್ಯ ದಯಾ ಸೋಮಸುಂದರಂ ಅವರು ವ್ಯಕ್ತಿಯೊಬ್ಬನನ್ನೇ ಅಳೆದರೆ ಊರಿಗೂ ಕುಟುಂಬಕ್ಕೂ ಆದ ಗಾಯವು ತಪ್ಪಿಹೋಗುವುದೆಂದು ತೋರಿಸಿದ್ದಾರೆ. ಯುದ್ಧದಲ್ಲಿ ಕಂಡ ಹಿಂಸೆಯೊಂದೇ ಅಲ್ಲ, ಬಡತನ, ಇಕ್ಕಟ್ಟಾದ ವಸತಿ, ನೆಂಟರ ಅಗಲಿಕೆ ಮೊದಲಾದ ನಿತ್ಯಕ್ಲೇಶಗಳೂ ಮನೋವ್ಯಥೆಗೆ ಬಹುಮಟ್ಟಿಗೆ ಕಾರಣವೆಂಬುದು 2010ರಲ್ಲಿ ಮಿಲ್ಲರ್, ರಾಸ್ಮುಸೆನ್ ಎಂಬವರು ಪ್ರತಿಪಾದಿಸಿದ ಪಕ್ಷ.

ಈ ಪಕ್ಷಕ್ಕೆ ‘ವ್ರಣ’ವೆಂಬ ಶಬ್ದವು ಚೆನ್ನಾಗಿ ಒಪ್ಪುತ್ತದೆ. ಸುಶ್ರುತನು ವ್ರಣವನ್ನು ಶಾರೀರವೆಂದೂ ಆಗಂತುವೆಂದೂ ವಿಭಾಗಿಸಿ, ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ವ್ರಣಿತನಿಗೆ ಎಲ್ಲಕ್ಕಿಂತ ಮೊದಲು ಮನೆಯನ್ನು ನೋಡಬೇಕೆನ್ನುತ್ತಾನೆ. ಔಷಧದ ಮಾತು ಆಮೇಲೆ. ಹತ್ತಿರವಿದ್ದು ಕಥೆಗಳನ್ನು ಹೇಳಿ ನೋವನ್ನು ಮರೆಸುವ ಸ್ನೇಹಿತರೂ ಬೇಕೆನ್ನುತ್ತಾನೆ. ಅಲ್ಲಿ ಕಥೆ ಹೇಳುವವರು ಸ್ನೇಹಿತರು, ವ್ರಣಿತನಲ್ಲ. ಬಾಯಿ ಬಿಡಿಸುವ ಆತುರವುಳ್ಳ ಸಂಶೋಧಕರು ಇದನ್ನು ಗಮನಿಸಬೇಕು. ನಿಘಂಟುಕಾರರು ‘ಮನೋವ್ರಣ’ವನ್ನು ಸ್ವೀಕರಿಸುವುದಾದರೆ ‘ಆಘಾತ’ವನ್ನು ಹೃದಯಾಘಾತದವರಿಗೆ ಬಿಟ್ಟುಕೊಡಬಹುದು.